ಚೀಲದ ತೂಕ

ಮೊಣಕಾಲಿಗೆ ಕತ್ತರಿ ಹಾಕುವ ಮುನ್ನ
ಆರು ಕಿಲೋ ಇಳಿಸಿ ಬನ್ನಿ, ಅಂದಳು ನರ್ಸ್ ಐಲ್ಸಾ.
ನಾಡಿದ್ದಿನಿಂದ ರೋಜಾ, ಅಂದೆ.
ಹಾಗಾದರೆ ಸುಲಭವಾಯಿತಲ್ಲ, ಅಂದಳು ಪಾಪ.
ನಕ್ಕೆ. ನಕ್ಕರೂ ಮಂಡಿ ನೋಯುತ್ತದೆ ನನಗೆ.

ಹೇಗೆ ಹೇಳಲಿ ಈ ಹುಡುಗಿಗೆ,
ಇಪ್ಪತ್ತೆರಡು ರಂಜಾನ್ ಕಳೆದಿದ್ದೇನೆ ಈ ಡಂಡೀ ಊರಿನಲ್ಲಿ,
ಒಂದರಲ್ಲೂ ಇಳಿದವಳಲ್ಲ, ಏರಿದವಳು.
ಹಸಿದದ್ದು ಹೊಟ್ಟೆ, ಉಂಡದ್ದು ಕಣ್ಣು.
ಹಗಲೆಲ್ಲ ಒಣಗಿದ ನಾಲಗೆ
ಹೊತ್ತು ಮುಳುಗಿದ್ದೇ ಸಾಲ ವಸೂಲಿಗೆ ನಿಲ್ಲುತ್ತದೆ:
ಮಿರ್ಚಿ, ಸಮೋಸಾ, ಗುಲಾಬಿ ಶರಬತ್ತು,
ಮೇಲೊಂದು ಬಟ್ಟಲು ಫಿರ್ನಿ,
ಅದರ ಮೇಲೆ, ಉಪವಾಸ ಇದ್ದವಳು ತಿನ್ನಲಿ ಬಿಡು ಎಂಬ
ನನ್ನದೇ ಉಪಚಾರ.

ಇದು ಜೂನ್. ಇಲ್ಲಿ ಸಂಜೆಯೆಂದರೆ
ರಾತ್ರಿ ಹತ್ತು ದಾಟಿ ಐದು ನಿಮಿಷ.
ಟೇ ನದಿಯ ಆಚೆ ಸೂರ್ಯ ಹೊರಟೇ ಹೊರಡ,
ಚಪ್ಪಲಿ ಮೆಟ್ಟಿಯೂ ಹೊಸ್ತಿಲಲ್ಲಿ ಮಾತು ಮುಗಿಸದ ಬೀಗರ ಹಾಗೆ.
ಎರಡೂವರೆಗೆ ಮತ್ತೆ ಬಾಯಿ ಕಟ್ಟಬೇಕು.
ನಡುವೆ ಸಿಕ್ಕ ನಾಲ್ಕು ತಾಸು
ಊಟಕ್ಕೋ, ತರಾವೀಹಿಗೋ, ನಿದ್ದೆಗೋ,
ಐಲ್ಸಾ ಬರೆದುಕೊಟ್ಟ ಮೂವತ್ತು ನಿಮಿಷದ ನಡಿಗೆಗೋ?

ಅವಳ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿತು.
ಎಣ್ಣೆ ಬಾಣಲೆ ಕೆಳಮನೆಯ ಹೊದಾನಳ ಪಾಲಾಯಿತು:
ಈದ್ ತನಕ ಇಟ್ಟುಕೋ, ನಾನೇ ಬಂದು ಕೇಳಿದರೂ ಕೊಡಬೇಡ.
ಸಹರಿಗೆ ನೆನೆಸಿದ ಓಟ್ಸು, ಎರಡು ಮೊಟ್ಟೆ,
ಉಪ್ಪು ಕಡಿಮೆ, ನೀರು ಗುಟುಕು ಗುಟುಕಾಗಿ,
ಗಡಿಯಾರ ನೋಡುತ್ತ.

ಒಂಬತ್ತನೆಯ ರೋಜಾಕ್ಕೆ ನಾನೇ ಹೋಗಿ ಕೇಳಿದೆ.
ಕದ ಮುಚ್ಚಿದಳು ಮಹಾತಾಯಿ.
ನಾನು ಬೈಗುಳ ಹುಡುಕುವಷ್ಟರಲ್ಲಿ
ಬೂಟು ಹಾಕಿಕೊಂಡು ಹೊರಬಂದಳು.
ನಡಿ, ಅಂದಳು.

ನಡೆದೆವು. ಹನ್ನೊಂದಾದರೂ ಆಕಾಶದಲ್ಲಿ
ಹಾಲು ಕಾಯಿಸಿಟ್ಟ ಪಾತ್ರೆಯ ಅಂಚಿನಷ್ಟು ಬೆಳಕು.
ಅವಳ ಸೊಮಾಲಿ, ನನ್ನ ಗದಗಿನ ಮಾತು,
ಎರಡಕ್ಕೂ ಸಮನಾಗಿ ಏದುಸಿರು.
ರೈಲು ಸೇತುವೆ ಕಾಣುವ ಬೆಂಚಿನ ತನಕ ಮೊದಲ ದಿನ,
ಮರುವಾರ ಅದರಾಚೆಯ ದೀಪದ ಕಂಬ.

ಗುರಿ ಏನೆಂದು ಬರೆಯಲು ಆ ಹಾಳೆಯಲ್ಲೊಂದು ಗೆರೆಯಿತ್ತು.
ಮೆಟ್ಟಿಲು ಹತ್ತುವುದು, ಅಂತ ಬರೆದಿದ್ದೆ.
ಸುಳ್ಳು.
ಮೂರು ವರ್ಷವಾಯಿತು ಕುರ್ಚಿಯ ಮೇಲೆ ಕೂತು ನಮಾಜು,
ಗಾಳಿಗೆ ಬಾಗುವ ಹಣೆ.
ಅದಕ್ಕೆ ಒಮ್ಮೆ ನೆಲ ಸಿಗಬೇಕು.
ಈ ಮಾತಿಗೆ ಇಂಗ್ಲಿಷು ನನ್ನ ಹತ್ತಿರ ಇರಲಿಲ್ಲ.

ಗದಗಿನ ಅಡತಿಯಲ್ಲಿ ಅಪ್ಪ ತೂಕದವ.
ಶೇಂಗಾ ಏರಿಸುವ ಮೊದಲು ತಟ್ಟೆ ಊದಿ, ಒರೆಸಿ,
ಮುಳ್ಳಿನ ಮ್ಯಾಲೇ ಕಣ್ಣಿಟ್ಟು ಅನ್ನುತ್ತಿದ್ದ:
“ಖಾಲಿ ತಕ್ಕಡಿ ಮೊದಲ ನೆಟ್ಟಗ ನಿಂದರಲಿ.
ಆಮ್ಯಾಲ ಚೀಲದ ತೂಕ ಕಳೀರಿ.
ಗೋಣಿಗೆ ರೊಕ್ಕ ಕೊಡಾಕ ಬಂದಿಲ್ಲ ಯಾರೂ.”
ಈ ಊರೂ ಒಂದು ಕಾಲಕ್ಕೆ ಗೋಣಿ ನೇಯ್ದ ಊರಂತೆ.
ಗಿರಣಿಯ ಚಿಮಣಿ ಕಿಟಕಿಯಲ್ಲಿ ಕಾಣುತ್ತದೆ,
ಹೊಗೆ ಬಿಟ್ಟು ಎಷ್ಟು ವರ್ಷವಾಯಿತೋ.
ನಾಲ್ಕು ಗಂಟೆಯ ಸುಸ್ತಿನಲ್ಲಿ ಅದನ್ನೇ ನೋಡುತ್ತ ಕೂತಾಗ
ಖಾಲಿ ತಟ್ಟೆಯೊಂದು ಎಲ್ಲೋ
ತೂಗಿ ತೂಗಿ ನಿಂತ ಹಾಗೆ ಅನಿಸಿದ್ದುಂಟು.
ಎರಡು ಸಲ. ಹೆಚ್ಚೆಂದರೆ ಮೂರು.
ಉಳಿದ ದಿನ ಬರೀ ತಲೆನೋವು.

ಈದ್ ಬೆಳಿಗ್ಗೆ ಬಾಣಲೆ ವಾಪಸು ಬಂತು,
ತುಂಬಾ ಸಂಬೂಸಾ ಹೊತ್ತು.
ಎರಡು ತಿಂದೆ. ಸರಿ, ಮೂರು.

ಮಂಗಳವಾರ ಐಲ್ಸಾಳ ಯಂತ್ರದ ಮುಂದೆ
ಬೂಟು, ಕೋಟು, ಕೀಲಿಗೊಂಚಲು,
ಅಮ್ಮ ಕೊಟ್ಟ ಬಳೆಯೂ ತೆಗೆದಿಟ್ಟೆ.
ಒಂದು ಕಿಲೋ ಎಂಟುನೂರು ಇಳಿದಿದೆ, ಅಂದಳು,
ಪರವಾಗಿಲ್ಲ, ಇನ್ನೂ ಸಮಯವಿದೆ.
ಚೀಲದ ತೂಕ ಕಳೆದು ಹೇಳವ್ವಾ, ಅಂದೆ ನಾನು.
ಏನು? ಅಂದಳು.
ಏನಿಲ್ಲ, ಅಂದು
ಬಳೆಗಾಗಿ ಕೈ ಚಾಚಿದೆ.